ಎತ್ತಬಾರದ ಮುಷ್ಟಿ

ಜಪಾನಿನ ಕೊಕುರಾ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ನೆಲಮಾಳಿಗೆಯಲ್ಲಿ ನನ್ನದೊಂದು ಸಂಗೀತದ ಹಾಲ್ ಇದೆ. ಬರುವವರು ಹೆಚ್ಚಾಗಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ತಂಡದವರು. ಅರಚುವವರಿಗೂ ಕೇಳುವವರಿಗೂ ಬಾಯಾರುತ್ತದೆ, ಬಾಯಾರಿದವರು ಬಿಯರ್ ಕೊಳ್ಳುತ್ತಾರೆ. ನನ್ನ ಸಂಸಾರ ನಡೆಯುವುದು ಹೀಗೆ.

ಆ ಶನಿವಾರ ಸಂಜೆ ಇಬುಕಿಯ ತಂಡದ ಕಾರ್ಯಕ್ರಮವಿತ್ತು. ಇಬುಕಿ ಚಿಕ್ಕಂದಿನಿಂದ ಕೆಂಡೋ ಕಲಿತವಳು; ಬಿದಿರು ಕತ್ತಿಯ ಕಾಳಗ ಅದು. ಸೋತವರು ಮತ್ತೆ ಎದ್ದು ನಿಲ್ಲುವುದರ ಮೇಲೆ ಹೊಸ ಹಾಡು ಕಟ್ಟಿದ್ದಳು. ಡ್ರಮ್ಮಿನ ಕೊನೆಯ ಪೆಟ್ಟಿಗೆ ಮುಂಚೆ ವಾದ್ಯಗಳೆಲ್ಲ ನಿಲ್ಲುತ್ತವೆ. ಆಗ ಅವಳ ಗರಡಿಯವರು ವೇದಿಕೆಗೆ ಬಂದು, ಕತ್ತಿ ಬೀಸುವಾಗ ಹಾಕುವ ಕೂಗು ಹಾಕಬೇಕು. ಕೂಗು ಬರದಿದ್ದರೆ ಹಾಡಿನಲ್ಲಿ ಅಲ್ಲೊಂದು ಗುಂಡಿ. ಒಪ್ಪಿಗೆ ಕೊಡಬೇಕಾದವರು ಅವಳ ಕೆಂಡೋ ಗುರು ಉರಾನೊ ಮೇಷ್ಟ್ರು. "ಮೊದ್ಲು ಕೇಳ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದರು.

ಅಂದು ಮಧ್ಯಾಹ್ನದ ಅಭ್ಯಾಸಕ್ಕೆ ಮೇಷ್ಟ್ರು ಬಂದರು. ಶಿಷ್ಯರನ್ನು ಮೇಲೆ ರಸ್ತೆಯಲ್ಲೇ ನಿಲ್ಲಿಸಿ, ತಾವು ಬಾಗಿಲಲ್ಲಿ ಶೂ ಕಳಚಿದರು.

"ಹಾಕ್ಕೊಳ್ಳಿ ಮೇಷ್ಟ್ರೇ, ನೆಲ ಬಿಯರ್ ಕುಡಿದು ಅಂಟಂಟಾಗಿದೆ" ಎಂದೆ.

"ಅಭ್ಯಾಸ ಮಾಡೋ ಜಾಗ ತಾನೇ?" ಎಂದು ಕಾಲುಚೀಲದಲ್ಲೇ ನಡೆದು ಹೋಗಿ ಮಂಡಿಯೂರಿ ಕುಳಿತರು.

ಹಾಡಿಗೆ ಗೋಡೆ ನಡುಗಿತು, ಮೇಷ್ಟ್ರು ಅಲುಗಲಿಲ್ಲ. ಕೊನೆಯ ಪೆಟ್ಟು ಬಿದ್ದದ್ದೇ ಇಬುಕಿ ಮುಷ್ಟಿ ಎತ್ತಿ ನಿಂತಳು. ಮೆಟಲ್‌ನವರು ಎಲ್ಲರೂ ಮಾಡುವುದೇ ಅದು.

"ಪಾಯಿಂಟು ಹೋಯ್ತು" ಎಂದರು ಮೇಷ್ಟ್ರು.

ಇಬುಕಿ ಕಿವಿವರೆಗೂ ಕೆಂಪಾದಳು. ಕೆಂಡೋದಲ್ಲಿ ಹೊಡೆದವರು ಗೆದ್ದೆನೆಂದು ಕೈ ಎತ್ತಿದರೆ ಆ ಪಾಯಿಂಟನ್ನೇ ಕಿತ್ತುಕೊಳ್ಳುತ್ತಾರೆ. ಹೊಡೆದ ಮೇಲೂ ಎದುರಾಳಿಯ ಮೇಲೆ ಕಣ್ಣಿಟ್ಟು ಸಿದ್ಧವಾಗಿಯೇ ಇರಬೇಕು.

ಡ್ರಮ್ ಬಾರಿಸುವ ತೋಗೋ ತಡೆಯಲಾರದೆ, "ಅಜ್ಜಾ, ಇಲ್ಲಿ ಯಾರಿದಾರೆ ಎದುರಾಳಿ? ಟಿಕೆಟ್ ತಗೊಂಡು ಬರೋ ಜನ!" ಎಂದ.

"ಅವರೇ ಕಣಪ್ಪ. ಬಾಗಿಲು ದಾಟೋದ್ರೊಳಗೆ ನಿಮ್ಮನ್ನ ಮರೀತಾರಲ್ಲ, ಅವರೇ."

"ಮುಷ್ಟಿ ಇಲ್ದೆ ಅದು ಮೆಟಲ್ಲೇ ಅಲ್ಲ."

"ಎತ್ಕೊಳ್ಳಿ, ಯಾರು ಬೇಡ ಅಂದ್ರು? ನಮ್ಮೋರು ಬರಲ್ಲ, ಅಷ್ಟೇ."

"ಇನ್ನೊಂದ್ಸಲ ನೋಡಿ, ಮೇಷ್ಟ್ರೇ" ಎಂದಳು ಇಬುಕಿ.

ಈ ಸಲ ಕೈ ಏಳಲಿಲ್ಲ, ಗದ್ದ ಮೇಲೆದ್ದಿತು. "ಹೋಯ್ತು." ಮತ್ತೆ ಹಾಡಿದರು. ತುಟಿಯಂಚಿನಲ್ಲಿ ನಗು ಕಂಡಿತು. "ಹೋಯ್ತು." ಅದಾದ ಮೇಲೆ ಅವಳು ಓರೆಗಣ್ಣಿನಿಂದ ಮೇಷ್ಟ್ರ ಕಡೆ ನೋಡಿದಳು. "ನನ್ನನ್ಯಾಕೆ ನೋಡ್ತೀಯ? ನಾನೇನು ಕನ್ನಡೀನಾ?"

ತೋಗೋ ಬೊಬ್ಬೆ ಎದ್ದ ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಾ, "ಛಲದ ಹಾಡು ಬರೆದೋಳು ನೀನು, ಬೊಬ್ಬೆ ಮಾತ್ರ ನಂಗೆ" ಎಂದ. ನಾನು ಎಲ್ಲರಿಗೂ ತಣ್ಣನೆಯ ಬಾರ್ಲಿ ಚಹಾ ಕೊಟ್ಟೆ. 

ಹಾಡುತ್ತ ಹಾಡುತ್ತ ಇಬುಕಿಯ ಸ್ವರ ಒಡೆಯಿತು. ಕೊನೆಗೊಮ್ಮೆ ಪೆಟ್ಟು ಬಿದ್ದ ಮೇಲೆ, ಖಾಲಿ ಹಾಲ್‌ನತ್ತ ಕಣ್ಣು ನೆಟ್ಟು ಸುಮ್ಮನೆ ನಿಂತಳು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು, ಒರೆಸಲಿಲ್ಲ. ತೋಗೋನ ಕೋಲು ಜಾರಿ ಬಿದ್ದು ಉರುಳಿತು, ಅವಳು ತಿರುಗಲಿಲ್ಲ.

"ಹೂಂ" ಎಂದರು ಮೇಷ್ಟ್ರು.

ಇಬುಕಿ ಪಿಸುದನಿಯಲ್ಲಿ, "ಸುಳ್ಳು ಹೇಳಲ್ಲ ಮೇಷ್ಟ್ರೇ. ಕೈ ಎತ್ತೋಕೆ ಶಕ್ತಿ ಇರ್ಲಿಲ್ಲ, ಅದಕ್ಕೇ" ಎಂದಳು.

"ಗೊತ್ತು. ನಂಗೂ ಈ ನಿಲುವು ಹಾಗೇ, ಸುಸ್ತಾದ್ಮೇಲೇ ಬಂದಿದ್ದು."

ಕಾಲು ಜೋಮು ಹಿಡಿದಿದ್ದ ಮೇಷ್ಟ್ರು ನನ್ನ ಭುಜ ಹಿಡಿದು ಎದ್ದು, ಮೆಟ್ಟಿಲ ಬುಡಕ್ಕೆ ಹೋಗಿ ಶಿಷ್ಯರನ್ನು ಕರೆದರು. ಹಾಡಿನಲ್ಲಿ ಬಿಟ್ಟಿದ್ದ ಜಾಗದಲ್ಲಿ ಶಿಷ್ಯರೆಲ್ಲ ಒಮ್ಮೆ ಕೂಗಿ ನೋಡಿದರು. ಮೇಲಿನ ನೂಡಲ್ಸ್ ಅಂಗಡಿಯವನು ಯಾರಿಗೆ ಏಟು ಬಿತ್ತೆಂದು ಕೇಳಲು ಇಳಿದು ಬಂದ. ಉತ್ತರ ಕೊಡಲು ಇಬುಕಿಗೆ ಸ್ವರವೇ ಹೊರಡಲಿಲ್ಲ. ಸಂಜೆಗೆ ಸ್ವರ ಬೇಕಲ್ಲ ಎಂದು ನಾನು ಶುಂಠಿ ಜಜ್ಜಲು ಹೋದೆ.