ಹರಿಕೇನ್ ವಿಮಾನದ ಎಡ ರೆಕ್ಕೆ

೧೯೪೪ರ ಬೇಸಿಗೆಯಲ್ಲಿ ಶಿಗ್ಗಾಂವಿಯ ಮಾಮಲೇದಾರರು ಡ್ರಾಯಿಂಗ್ ಮಾಸ್ತರ ಉಳಿವೆಪ್ಪನನ್ನು ತಾಲೂಕು ಕಚೇರಿಗೆ ಕರೆಸಿ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಯುದ್ಧಕ್ಕೂ ಮೊದಲು ವಿಲಾಯತಿಯಿಂದ ಮುಂಬಯಿಗೆ ಬಂದಿದ್ದ ಪೆಟ್ಟಿಗೆ. ಒಳಗೆ ಹರಿಕೇನ್ ಎಂಬ ಯುದ್ಧವಿಮಾನದ ಪುಟ್ಟ ಮಾದರಿಯ ಬಿಡಿಭಾಗಗಳಿದ್ದವು: ಗೇಣಿಗಿಂತ ಗಿಡ್ಡನೆಯ ಒಡಲು, ಎರಡು ರೆಕ್ಕೆ, ಕಡಲೆಕಾಳಿನಷ್ಟು ಗಾಲಿಗಳು. ಕಟ್ಟಿಗೆಯೂ ಅಲ್ಲ, ಕೊಂಬೂ ಅಲ್ಲ, ಪ್ಲಾಸ್ಟಿಕ್ ಎಂಬ ಹೊಸ ಪದಾರ್ಥ.

“ಬರೂ ಐತವಾರ ಸಾಲ್ಯಾಗ ಯುದ್ಧದ ಪ್ರದರ್ಶನ ಐತಿ. ಜೋಡಿಸಿ, ಬಣ್ಣಾ ಹಚ್ಚಿ ತರ್ರಿ. ನಿಮ್ಮಂಥಾ ನಾಜೂಕ ಕೈ ಈ ಊರಾಗ ಯಾರದೈತಿ?” ಎಂದರು ಮಾಮಲೇದಾರರು.

ಆ ಮಾತು ಉಳಿವೆಪ್ಪನ ತಲೆಗೇರಿತು. ಮನೆಗೆ ಬಂದವನೇ ಭಾಗಗಳನ್ನು ಬ್ಲೇಡಿನಿಂದ ಬಿಡಿಸಿದ, ಅಂಚುಗಳನ್ನು ಸಣ್ಣ ಅರದಿಂದ ಉಜ್ಜಿದ. ಅಂಟಿಗೆ ಕಳಿತ ಬಾಳೆಹಣ್ಣಿನ ವಾಸನೆ. ಒಡಲಿನ ಎರಡು ಹೋಳು ಕೂಡಿಸಿ ದಾರ ಸುತ್ತಿದ, ರೆಕ್ಕೆ ಅಂಟಿಸಿದ. ಒಂದು ರಾತ್ರಿ ಹಾಗೇ ಬಿಡಬೇಕೆಂದು ಪೆಟ್ಟಿಗೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಅವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬೇಗ ಒಣಗಲೆಂದು ಮಾಳಿಗೆಯ ಬಿಸಿಲಲ್ಲಿಟ್ಟು ಊಟಕ್ಕೆ ಕೂತ.

ಕೈ ತೊಳೆದು ಮೇಲೆ ಹೋಗಿ ನೋಡಿದರೆ ಎಡ ರೆಕ್ಕೆ ಬಾಡಿದ ಎಲೆಯಂತೆ ಜೋತುಬಿದ್ದಿತ್ತು. ಗಾಬರಿಯಲ್ಲಿ ನೆಟ್ಟಗೆ ಮಾಡಲು ಹೋದ. ಬುಡದಲ್ಲಿ ಬಿರುಕು ಬಿಟ್ಟಿತು.

ಹಂಚಿನ ಮೇಲೆ ಅರಗು ಕಾಸಿ ಬಳೆ ಬಗ್ಗಿಸುವ ರೋಶನಬಿಯ ನೆನಪಾದದ್ದು ಆಗಲೇ. ಪೇಟೆಯ ಹಿಂದಿನ ಓಣಿಯಲ್ಲಿದ್ದ ಅವಳ ಮನೆಗೆ ವಿಮಾನ ಹಿಡಿದು ಓಡಿದ. ರೆಕ್ಕೆಯನ್ನು ಬೆರಳಿಂದ ಸವರಿ ನೋಡಿ ಅವಳು ಕೇಳಿದಳು.

“ಇದು ಕಾವಿಗೆ ಮೆತ್ತಗಾಗತೈತೇನ್ರಿ ಮಾಸ್ತರ್ರ?”

“ಬಿಸಲಿಗೇ ಬಾಗೇತಿ ನೋಡ್ರಿ.”

“ಹಂಗಾರ ಕಾವಿಗೇ ನೆಟ್ಟಗಾಗತೈತಿ. ಕುಂದರ್ರಿ.”

ಅರಿವೆಯನ್ನು ಬಿಸಿನೀರಲ್ಲಿ ಅದ್ದಿ ರೆಕ್ಕೆಗೆ ಸುತ್ತಿದಳು. ಮೆತ್ತಗಾದ ಮೇಲೆ ಎರಡು ಹಲಗೆಗಳ ನಡುವೆ ಹಿಡಿದು ಆರುವವರೆಗೂ ಕೈ ಅಲುಗಿಸಲಿಲ್ಲ. ಬಿರುಕಿಗೆ ಕೆಂಪು ಅರಗು ತುಂಬಿ ನುಣ್ಣಗೆ ತಿಕ್ಕಿದಳು. ಕೂಲಿ ಕೇಳಿದರೆ ತಲೆ ಅಲ್ಲಾಡಿಸಿದಳು.

“ನನ್ನ ಮಗ ಜಮಾಲಸಾಬ ವಿಮಾನದ ಪಡ್ಯಾಗ ಫಿಟ್ಟರ್ ಅದಾನ್ರಿ. ಇಂಥಾವನ್ನ ರಿಪೇರಿ ಮಾಡ್ತಾನಂತ. ಇವತ್ತ ನಾನೂ ಮಾಡಿದಂಗಾತು.”

ಉಳಿವೆಪ್ಪ ಮೇಲ್ಗಡೆ ಹಸಿರು, ಕಂದು ಪಟ್ಟೆ ಬಳಿದು ರೆಕ್ಕೆಗಳಿಗೆ ದುಂಡನೆಯ ಗುರುತು ಬರೆದ. ಪ್ರದರ್ಶನದಲ್ಲಿ ಅದರ ಮುಂದಿಟ್ಟ ಚೀಟಿಯಲ್ಲಿ ಅವನ ಹೆಸರೊಂದೇ ಇತ್ತು. ಬರೆದವನೂ ಅವನೇ.

ಧಾರವಾಡದಿಂದ ಬಂದಿದ್ದ ಸೈನ್ಯದ ಅಧಿಕಾರಿ ವಿಮಾನವನ್ನೆತ್ತಿ ತಿರುಗಿಸಿ ನೋಡಿದರು. ಎಡ ರೆಕ್ಕೆಯ ಕೆಳಗೆ, ಬಣ್ಣ ತೆಳುವಾದಲ್ಲಿ, ಕೆಂಪು ಗೆರೆಯೊಂದು ಕಾಣುತ್ತಿತ್ತು.

“ಇಲ್ಲಿ ಮುರಿದಿತ್ತೇನು?”

ಮಾಮಲೇದಾರರು ಮಾಸ್ತರನ ಮುಖ ನೋಡಿದರು. ಉಳಿವೆಪ್ಪನ ಬಾಯಿಂದ ಮಾತು ತಾನಾಗಿಯೇ ಬಂತು. “ಬಳಿ ಮಾಡೂ ಹೆಂಗಸೊಬ್ಬಾಕಿ ನೋಡ್ತೇನಂತ ಇಸಗೊಂಡು ಮುರದಾಳ್ರಿ ಸಾಹೇಬ್ರ. ನಾನ ಹ್ಯಾಂಗೋ ಮಾಡಿ ಸರಿಪಡಿಸೇನ್ರಿ.”

ಸುತ್ತ ನಿಂತವರು ನಕ್ಕರು. ಅವನೂ ನಕ್ಕ. ನಗುತ್ತಲೇ ಕತ್ತೆತ್ತಿದರೆ ಸಿಪಾಯಿಗಳ ಮನೆಯವರಿಗೆಂದು ಹಾಕಿದ್ದ ಜಮಖಾನೆಯ ಮೇಲೆ ರೋಶನಬಿ ಕೂತಿದ್ದಳು. ಮಗ ಪಡೆಯಲ್ಲಿದ್ದಾನೆಂದು ಅವಳಿಗೂ ಕರೆ ಹೋಗಿತ್ತು. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ನಡೆದಳು.

ಮೂರು ದಿನ ಉಳಿವೆಪ್ಪನಿಗೆ ಅನ್ನ ಸೇರಲಿಲ್ಲ. ಸಾಲೆಯಲ್ಲಿ ಹಲಗೆಯ ಮೇಲೆ ಗೆರೆ ಎಳೆಯುವಾಗ ತನ್ನ ಕೈಯನ್ನು ನೋಡಲೂ ನಾಚಿಕೆಯಾಗುತ್ತಿತ್ತು. ನಾಲ್ಕನೆಯ ದಿನ ಅವಳ ಬಾಗಿಲಿಗೆ ಹೋಗಿ ನಿಂತ.

“ತಪ್ಪಾತ್ರಿ ರೋಶನಬಿಯವ್ವ.”

ಅವಳು ಕೆಂಡದಿಂದ ಕಣ್ಣು ತೆಗೆಯಲಿಲ್ಲ. “ಅವತ್ತ ಊರ ಮುಂದ ಅಂದ್ರಿ. ಇವತ್ತ ನಾ ಒಬ್ಬಾಕೇನ ಇದ್ದಾಗ ತಪ್ಪಾತು ಅಂತೀರಿ. ನನ್ನ ಕಡೆ ಬಳಿ ತೊಡೂ ಹೆಣ್ಮಕ್ಕಳು ಈಗ ಕೇಳಾಕತ್ತಾರ, ನಮ್ಮ ಬಳೀನೂ ಮುರೀತೀಯೇನ ಅಂತ. ಅವರಿಗೇನ ಹೇಳ್ಲಿ?”

ಅವನು ಬಂದ ದಾರಿ ಹಿಡಿದು ಹೊರಟ.

ಮುಂದಿನ ವಾರ ಅದೇ ಪ್ರದರ್ಶನ ಹಾನಗಲ್ಲಿಗೆ ಹೋಯಿತು. ಶಿಗ್ಗಾಂವಿಯವರೂ ಮೋಟಾರು ಮಾಡಿಕೊಂಡು ಬಂದಿದ್ದರು. ಮಾದರಿಯ ಬಗ್ಗೆ ನಾಲ್ಕು ಮಾತು ಹೇಳೆಂದಾಗ ಉಳಿವೆಪ್ಪ ಎದ್ದುನಿಂತ.

“ಈ ರೆಕ್ಕಿ ಕೆಡಿಸಿದವ ನಾನ್ರಿ. ಬಿಸಲಾಗ ಇಟ್ಟು ಕೆಡಿಸಿದೆ. ನೆಟ್ಟಗ ಮಾಡಿದಾಕಿ ನಮ್ಮೂರ ಬಳಿ ಮಾಡೂ ರೋಶನಬಿ. ಶಿಗ್ಗಾಂವ್ಯಾಗ ನಾ ಸುಳ್ಳ ಹೇಳಿದೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಕೆಮ್ಮಿದರು. ಮಾಮಲೇದಾರರು ಮುಖ ಗಂಟಿಕ್ಕಿ ಮುಂದಿನ ಮೇಜಿನತ್ತ ಹೋದರು. ಮತ್ತೆ ಅವನನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ. ಮನಸ್ಸು ಹಗುರಾದೀತೆಂದು ಅಂದುಕೊಂಡಿದ್ದ, ಆಗಲಿಲ್ಲ. ಊರಲ್ಲಿ ಜನ ಈಗ ಅವನನ್ನು ಕಂಡು ನಕ್ಕರು.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ರೋಶನಬಿ ತಾನಾಗಿಯೇ ಅವನ ಕಟ್ಟೆಗೆ ಬಂದಳು. ಕೈಯಲ್ಲಿ ಟಪಾಲಿನ ಹಾಳೆ.

“ಜಮಾಲಗ ಒಂದು ಪತ್ರ ಬರದ ಕೊಡ್ರಿ. ನನಗ ಬರಿಯಾಕ ಬರೂದಿಲ್ಲ.”

ಅವನು ಅವಸರದಿಂದ ಚಾಪೆ ಹಾಸಿ ಮಸಿದೌತಿ, ಲೆಕ್ಕಣಿಕೆ ತಂದ. ಅವಳು ಹೇಳುತ್ತ ಹೋದಳು. ಮಳೆಯಾಯಿತು, ಆಡು ಮರಿ ಹಾಕಿತು, ನಾನೂ ಒಂದು ವಿಮಾನದ ರೆಕ್ಕೆ ರಿಪೇರಿ ಮಾಡಿದೆ.

“ಮುಂದ ಬರೀರಿ. ಮಾಸ್ತರ್ರು ಊರ ಮುಂದ, ಅದನ್ನ ಮುರದಾಕಿ ನಾನ ಅಂದ್ರು.”

ಲೆಕ್ಕಣಿಕೆ ನಿಂತಿತು. ಅವಳಿಗೆ ಓದಲು ಬಾರದು. ಆ ಸಾಲು ಬಿಟ್ಟರೂ ಅವಳಿಗೆ ತಿಳಿಯುವಂತಿರಲಿಲ್ಲ. ತಲೆ ತಗ್ಗಿಸಿ, ತನ್ನ ದುಂಡನೆಯ ಅಕ್ಷರದಲ್ಲಿ, ಒಂದು ಪದವೂ ಬಿಡದೆ ಬರೆದ.

“ಬರದ್ರೇನು?”

“ಬರದೇನ್ರಿ.”

“ಹಾನಗಲ್ಲಾಗ ಖರೇ ಹೇಳಿದ್ರು ಅಂತನೂ ಬರೀರಿ,” ಎಂದಳು ರೋಶನಬಿ. ದನಿಯಲ್ಲಿ ಸಿಟ್ಟಿರಲಿಲ್ಲ, ಮಮತೆಯೂ ಇರಲಿಲ್ಲ.