ಟೈಲರ್ ಮನೆಯ ಬೆಕ್ಕು

ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳ ವಿಭಾಗಕ್ಕೆ ಇಂಟರ್ನ್ ಆಗಿ ಸೇರಿದ ದಿನ ನಾನು ಬಿಳಿ ಕೋಟಿಗೆ ಗರಿಗರಿ ಇಸ್ತ್ರಿ ಹಾಕಿಸಿಕೊಂಡು ಹೋಗಿದ್ದೆ. ಬಾವಲಿ, ವೈರಸ್ಸು, ಸೂಕ್ಷ್ಮದರ್ಶಕ ಎಂದೆಲ್ಲ ಕನಸು. ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಲು ಹೇಳಿ, ಒಂದು ಫೋನು, ಒಂದು ಪಟ್ಟಿ ಕೈಗಿತ್ತರು. ನಾಯಿ ಕಚ್ಚಿಸಿಕೊಂಡು, ಒಂದು ಚುಚ್ಚುಮದ್ದು ಹಾಕಿಸಿಕೊಂಡು, ಮತ್ತೆ ಇತ್ತ ತಲೆ ಹಾಕದವರ ಪಟ್ಟಿ. ಅವರನ್ನು ಪುಸಲಾಯಿಸಿ ಕರೆತರುವುದೇ ನನ್ನ ಕೆಲಸ.

ಪುಸಲಾಯಿಸುವುದು ನನಗೆಲ್ಲಿ ಬರಬೇಕು? ನಾನು ಪಾಠ ಮಾಡಿದೆ. ಅರ್ಧ ಜನ ಫೋನಿಟ್ಟರು. ಒಬ್ಬ ಟೈಲರ್ ಮಾತ್ರ ಹೊಲಿಗೆಯಂತ್ರ ತುಳಿಯುತ್ತಲೇ ಎಲ್ಲ ಕೇಳಿಸಿಕೊಂಡು, ಗಾಯ ಒಣಗಿದೆ, ಇನ್ನೇನಿದ್ದರೂ ಮನೆಗೇ ಬಂದು ಹೇಳಿ ಎಂದರು.

ಮರುದಿನ ವಿಭಾಗದ ನರ್ಸಕ್ಕನ ಜೊತೆ ಅವರ ಮನೆಗೆ ಹೋದೆ. ಅವರು ಪಕ್ಕದ ಮನೆಯ ಬಾಣಂತಿಯನ್ನು ನೋಡಲು ನಿಂತರು, ನಾನೊಬ್ಬಳೇ ಒಳಹೊಕ್ಕೆ. ಬಟ್ಟೆಚೂರುಗಳ ರಾಶಿಯ ಮೇಲೆ ಬೆಕ್ಕೊಂದು ಮಲಗಿತ್ತು. ಟೈಲರಿಗೆ ಐವತ್ತರ ಮೇಲಿನ ವಯಸ್ಸು, ಮೆಲುಮಾತು. ಗಾಯ ಒಣಗಿದರೂ ವಿಷ ನರಗಳಲ್ಲಿ ಹತ್ತುತ್ತಿರಬಹುದು, ಸಣ್ಣ ಪರಚುಗಾಯವನ್ನೂ ಕಡೆಗಣಿಸಬಾರದು ಎಂದು ನಾನು ಕೈ ಬೀಸಿ ಬೀಸಿ ಹೇಳುತ್ತಿದ್ದೆ. ಬೀಸುವ ಕೈಯನ್ನು ಬೆಕ್ಕು ಆಟವೆಂದುಕೊಂಡಿತು. ಮೊಣಕೈ ಕೆಳಗೆ ಮೂರು ಗೆರೆ, ಒಂದರಲ್ಲಿ ರಕ್ತ.

ಟೈಲರ್ ಗಾಬರಿಯಿಂದ ಎದ್ದರು. ಏನೂ ಆಗಿಲ್ಲ ಎಂದು ನಾನು ಅಂಗಿಯ ತೋಳು ಕೆಳಗೆಳೆದುಕೊಂಡು ಪಾಠ ಮುಂದುವರಿಸಿದೆ. ಚುಚ್ಚುಮದ್ದು ಬೇಕೇ ಬೇಕೆಂದು ನನಗೂ ಗೊತ್ತು. ಆದರೆ ಸೇರಿ ವಾರವಾಗಿಲ್ಲ, ಆಗಲೇ ರೋಗಿಯಾಗಿ ಮರಳಿದರೆ ಡಾಕ್ಟರಮ್ಮ ಏನೆಂದುಕೊಂಡಾರು? ಕಚೇರಿಯ ನಲ್ಲಿಯಲ್ಲಿ ಕದ್ದುಮುಚ್ಚಿ ಗಾಯಕ್ಕೆ ಸೋಪು ಹಾಕಿ ತೊಳೆದೆ. ನಾಳೆ ಬೇರೆಲ್ಲಾದರೂ ಚುಚ್ಚಿಸಿಕೊಂಡರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿ ವರದಿ ಬರೆಯಲು ಕುಳಿತೆ. ವರದಿಯಲ್ಲಿ ಬೆಕ್ಕಿನ ಸುದ್ದಿಯೇ ಇಲ್ಲ.

ಒಂದು ಗಂಟೆಯಲ್ಲಿ ಟೈಲರ್ ಖುದ್ದಾಗಿ ಬಂದರು. ಸೀದಾ ಡಾಕ್ಟರಮ್ಮನ ಮೇಜಿನ ಮುಂದೆ ನಿಂತರು.

"ನಮ್ಮ ಬೆಕ್ಕು ನಿಮ್ಮ ಹುಡುಗೀನ ಪರಚಿದೆ. ಅವರು ಹೇಳಿರಲ್ಲ ಅಂತ ಬಂದೆ."

ಡಾಕ್ಟರಮ್ಮ ನನ್ನತ್ತ ತಿರುಗಿದರು. ನಾನು ಭೂಮಿ ಬಾಯಿಬಿಡಲಿ ಎಂದು ಕಾದೆ, ಅದು ಬಿಡಲಿಲ್ಲ. ಅಂಗಿಯ ತೋಳು ಮೇಲೇರಿಸಿ ಗೆರೆಗಳನ್ನು ತೋರಿಸಿದೆ.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ," ಎಂದರು ಹಿಂದಿನಿಂದ ನರ್ಸಕ್ಕ.

ಡಾಕ್ಟರಮ್ಮ ಬೈಯಲಿಲ್ಲ. ಯಾಕೆ ಮುಚ್ಚಿಟ್ಟೆ ಎಂದಷ್ಟೇ ಕೇಳಿದರು. ನಾಚಿಕೆಯಾಯಿತು ಎಂದೆ. ಆಗ ಟೈಲರ್ ತಲೆ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ನಂಗೂ ಅದೇ. ಸೂಜಿ ಕಂಡ್ರೆ ಕಣ್ಣು ಕತ್ತಲೆ ಬರುತ್ತೆ. ದಿನವಿಡೀ ಸೂಜಿ ಹಿಡಿಯೋನು, ಯಾರ ಹತ್ರ ಹೇಳ್ಲಿ?"

ಯಾರೂ ನಗಲಿಲ್ಲ. ನನ್ನ ಅಷ್ಟುದ್ದದ ಪಾಠದಲ್ಲಿ ನಾನು ಅವರನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

ನರ್ಸಕ್ಕ ಅವರನ್ನು ಮಂಚದ ಮೇಲೆ ಮಲಗಿಸಿ, ತಾವು ಹಿಂದೆ ಹೊಲಿಗೆಗೆ ಕೊಟ್ಟ ರವಿಕೆ ಯಾಕೆ ಬಿಗಿಯಾಯಿತೆಂದು ಜಗಳ ತೆಗೆದರು. ಅವರು ಉತ್ತರ ಹುಡುಕುವಷ್ಟರಲ್ಲಿ ಚುಚ್ಚುಮದ್ದು ಮುಗಿದಿತ್ತು. ಮುಂದಿನ ಸರದಿ ನನ್ನದು. ಸೂಜಿಯ ಭಯ ನನಗಿಲ್ಲವೆಂದು ಕುರ್ಚಿಯಲ್ಲಿ ನೆಟ್ಟಗೆ ಕುಳಿತವಳು ಕಣ್ಣು ಬಿಟ್ಟಾಗ ಅದೇ ಮಂಚದ ಮೇಲಿದ್ದೆ. ಟೈಲರ್ ಪಟ್ಟಿಯ ಹಾಳೆಯಿಂದ ನನಗೆ ಗಾಳಿ ಹಾಕುತ್ತಿದ್ದರು.