ಟವಲಿನ ಕೆಳಗಿನ ಕೈ

ಅನುಮಾನವೆಂಬುದು ಚಿಕ್ಕಬೈರಪ್ಪನಿಗೆ ರೋಗವಾಗಿರಲಿಲ್ಲ, ಕಸುಬಾಗಿತ್ತು. ಜರಗನಹಳ್ಳಿಯಿಂದ ಕನಕಪುರದವರೆಗೆ ಯಾವ ದನದ ಸಂತೆಯಾದರೂ ಸರಿ, ಎತ್ತು ಕೊಳ್ಳಲು ಬಂದವರು ಮೊದಲು ಈ ದಲ್ಲಾಳಿಯನ್ನು ಹುಡುಕುತ್ತಿದ್ದರು. ಅವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವನು, ಮೈಮೇಲಿನ ಸುಳಿ ನೋಡುವನು, ನೊಗ ಕೂತ ಹೆಗಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುವನು. ಆಮೇಲೆ ಮಾರುವವನ ಕೈ ಹಿಡಿದು, ಎರಡು ಕೈಗಳ ಮೇಲೂ ತನ್ನ ಹೆಗಲ ಟವಲು ಹೊದಿಸಿ, ಒಳಗೊಳಗೇ ಬೆರಳು ಮುಟ್ಟಿ ಬೆಲೆ ಕಟ್ಟುವನು. ಸುತ್ತ ನಿಂತವರಿಗೆ ಕಾಣುವುದು ಟವಲಿನ ಅಲುಗಾಟ ಮಾತ್ರ. ಎಷ್ಟಕ್ಕೆ ಕುದುರಿತು ಎಂಬುದು ಆ ಎರಡು ಕೈಗಳಿಗೆ ಗೊತ್ತು, ಮೇಲಿರುವ ದೇವರಿಗೆ ಗೊತ್ತು.

ಶನಿವಾರಕ್ಕೊಮ್ಮೆ ಅವನು ವಸಂತಪುರದ ಗುಡ್ಡದ ಮೇಲಿನ ವಲ್ಲಭರಾಯಸ್ವಾಮಿಯ ಗುಡಿಗೆ ತಪ್ಪದೆ ಹೋಗುತ್ತಿದ್ದ. ಪ್ರಸಾದವೆಂದು ಕೊಟ್ಟ ತೆಂಗಿನಕಾಯಿ ಹೋಳನ್ನೂ ಒಮ್ಮೆ ಮೂಸಿ ನೋಡಿಯೇ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಹೆಂಡತಿ ಅಂಜನಮ್ಮ ಬೈದರೆ, “ಅನುಮಾನ ದೇವರ ಮೇಲಲ್ಲ ಕಣೇ, ಕಾಯಿ ಮಾರ್ದೋನ ಮೇಲೆ” ಅನ್ನುವನು.

ಇಂಥವನಿಗೆ ತಿಮ್ಮರಾಯ ಒಬ್ಬನೇ ಮಗ. ಹುಡುಗನಿಗೆ ಎತ್ತು ಹಿಡಿಸಲಿಲ್ಲ. ಲಾರಿಯೊಂದಕ್ಕೆ ಕ್ಲೀನರಾಗಿ ಸೇರಿಕೊಂಡ, ಅಲ್ಲಿಂದ ಜಯನಗರದ ಕಡೆಯ ಒಂದು ಗ್ಯಾರೇಜಿಗೆ ಹೋದ. ಹೊಸ ಬಡಾವಣೆಯ ಮನೆಗಳ ಮುಂದೆ ಆಗ ಒಂದೊಂದೇ ಕಾರು ಬಂದು ನಿಲ್ಲುತ್ತಿದ್ದ ಕಾಲ. ಒಂದು ದಿನ ಊಟಕ್ಕೆ ಕೂತವನು, “ಅಪ್ಪಾ, ನಾನೀಗ ಕಾರು ರೇಸು ಓಡಿಸ್ತೀನಿ. ಇನ್ಮೇಲೆ ಅದೇ ನನ್ನ ಜೀವನ” ಅಂದ.

ಚಿಕ್ಕಬೈರಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. “ವರ್ಸಕ್ಕೆ ಎಷ್ಟು ಸಲ ನಡೀತದೆ ಅದು?”

“ನಾಕೈದು ಸಲ.”

“ನಾಕೈದು ಸಲ ಓಡೋ ಎತ್ತಿಗೆ ವರ್ಸಪೂರ್ತಿ ಹುರುಳಿ ಹಾಕೋ ಪುಣ್ಯಾತ್ಮ ಯಾರ್ಲಾ?”

ತಿಮ್ಮರಾಯ ತಲೆ ತಗ್ಗಿಸಿ ಉಂಡ. ಬಾಯಿ ತೆರೆಯದ ಎತ್ತನ್ನು ಚಿಕ್ಕಬೈರಪ್ಪ ಎಂದೂ ಕೊಂಡವನಲ್ಲ.

ಆ ಮನೆಯ ದೇವರು ತಿರುಪತಿ ತಿಮ್ಮಪ್ಪ. ದೇವರ ಗೂಡಿನಲ್ಲಿ ಅರಿಶಿನದ ಬಟ್ಟೆಯ ಮುಡಿಪು ಇತ್ತು. ಮನೆಯಲ್ಲಿ ಯಾರೇ ದುಡಿಯಲಿ, ದುಡಿಮೆಯ ಮೊದಲ ಕಾಸು ಅದರೊಳಗೆ ಬೀಳಬೇಕು. ತುಂಬಿದ ಮೇಲೆ ಬೆಟ್ಟ ಹತ್ತಿ ಹುಂಡಿಗೆ ಹಾಕಿ ಬರಬೇಕು. ಅಜ್ಜನ ಕಾಲದಿಂದ ನಡೆದು ಬಂದದ್ದು. ರೇಸಿನ ಮೊದಲ ಸಂಪಾದನೆ ಬಂದಾಗ ತಿಮ್ಮರಾಯ ಸ್ನಾನ ಮಾಡಿ, ನಾಮ ಇಟ್ಟುಕೊಂಡು, ಒಂದು ರೂಪಾಯಿ ನಾಣ್ಯ ಹಿಡಿದು ಗೂಡಿನ ಮುಂದೆ ನಿಂತ. ಅಪ್ಪ ಅಡ್ಡ ಬಂದ.

“ಎಲ್ಲಿಂದ ಬಂತು ಅಂತ ಹೇಳು, ಆಮೇಲೆ ಹಾಕು.”

“ದುಡ್ದಿದ್ದು ಅಪ್ಪಾ.”

“ಹೆಂಗೆ ದುಡ್ದಿದ್ದು? ತಿಮ್ಮಪ್ಪನ ಗಂಟಿಗೆ ಕಳ್ಳಗಾಸು ಬೀಳಬಾರದು.”

ಹುಡುಗ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಅಂದಿನಿಂದ ಪ್ರತಿ ಶನಿವಾರವೂ ಅದೇ ನಾಣ್ಯ, ಅದೇ ಮಾತು, ನಾಣ್ಯ ಮತ್ತೆ ಜೇಬಿಗೆ. “ನಿಮ್ಮ ಅನುಮಾನಕ್ಕೆ ಬೆಂಕಿ ಹಾಕ. ಅವನು ಮನೆಗೆ ಬರೋದೇ ಬಿಟ್ಟಾನು, ಆಗ ಗೂಡಿನ ಮುಂದೆ ನೀವೊಬ್ರೇ ಕೂತ್ಕಳಿ” ಎಂದು ಅಂಜನಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು. ಅವನಿಗೂ ಸಂಕಟವಿತ್ತು. ಒಬ್ಬನೇ ಮಗ. ಅವನು ಕಳ್ಳನಲ್ಲವೆಂದು ಯಾರಾದರೂ ಸಾಬೀತು ಮಾಡಿಕೊಟ್ಟರೆ ತಿಮ್ಮಪ್ಪನಿಗೆ ಮುಡಿ ಕೊಡುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿದ್ದ. ಆದರೆ ಸಾಬೀತಿಲ್ಲದೆ ಒಪ್ಪಿಕೊಳ್ಳುವುದು ಆ ಕೈಗೆ ಬರುತ್ತಿರಲಿಲ್ಲ.

ಉರಿಯುವ ಒಲೆಗೆ ಸೌದೆ ಇಟ್ಟವನು ಪಕ್ಕದ ಮನೆಯ ಬೋರಣ್ಣ. ಅವನು ಕಳೆದ ಪಂದ್ಯ ನೋಡಿ ಬಂದಿದ್ದ.

“ಬೈರಣ್ಣ, ನಿನ್ನ ಮಗ ಓಡಿಸ್ತಾನೆ, ಇಲ್ಲ ಅನ್ನಕಿಲ್ಲ. ಎಲ್ಲಾರ್ಗಿಂತ ಮುಂದೆ ಅವ್ನೆ. ಕೊನೇ ಸುತ್ತಲ್ಲಿ ಏನಾಯ್ತೋ, ಬೇಕಂತ ನಿಧಾನ ಮಾಡ್ದಂಗೆ ಮಾಡ್ಬುಟ್ಟ. ಹಿಂದಿನ ಕಾರು ದಾಟ್ಕೊಂಡ್ ಹೋಯ್ತು.”

“ಬೇಕಂತ?”

“ನಾನೇನೂ ಹೇಳಕಿಲ್ಲಪ್ಪ. ಲೋಕದಲ್ಲಿ ಗೆಲ್ಲು ಅಂತ ಕಾಸು ಕೊಡೋರಿಗಿಂತ ಸೋಲು ಅಂತ ಕೊಡೋರು ಜಾಸ್ತಿ ಅವ್ರೆ ಅಂದೆ, ಅಷ್ಟೇ.” ಬೋರಣ್ಣ ಹೊಗೆಸೊಪ್ಪು ಉಗಿದು ಒಳಗೆ ಹೋದ. ಚಿಕ್ಕಬೈರಪ್ಪನ ನಿದ್ದೆಯನ್ನೂ ತನ್ನ ಜೊತೆಗೇ ತೆಗೆದುಕೊಂಡು ಹೋದ.

ಆ ವಾರವೇ, ಹೊಲದಿಂದ ಮೇವು ಹೊತ್ತು ಬರುತ್ತಿದ್ದಾಗ, ಕನಕಪುರ ರಸ್ತೆಯ ಹೊಂಗೆಮರದ ಕೆಳಗೆ ಒಂದು ಫಿಯಟ್ ಕಾರು ನಿಂತದ್ದು ಕಂಡಿತು. ಕಾರಿಗೆ ಒರಗಿ ನಿಂತವನು ಕನಕಪುರದ ರೇಷ್ಮೆ ವ್ಯಾಪಾರಿ ಗುರುಶಾಂತಪ್ಪ. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಎದುರಿಗೆ ತಿಮ್ಮರಾಯ. ಇಬ್ಬರ ಕೈಗಳ ಮೇಲೆ ಒಂದು ಟವಲು. ಟವಲು ಅಲುಗಾಡುತ್ತಿತ್ತು.

ರೇಷ್ಮೆಗೂಡು ಕೊಳ್ಳುವಾಗ ಆ ವ್ಯಾಪಾರಿಗಳೂ ಹೀಗೆಯೇ ಬಟ್ಟೆಯ ಕೆಳಗೆ ಬೆಲೆ ಕಟ್ಟುತ್ತಾರೆ, ಅದು ಗೊತ್ತಿರುವುದೇ. ಆದರೆ ಇಲ್ಲಿ ಗೂಡಿಲ್ಲ, ಎತ್ತಿಲ್ಲ. ಮಾರಾಟಕ್ಕೆ ಇರುವುದೇನು? ನ್ಯಾಯದ ಕೂಲಿಯನ್ನು ಬೆಳಕಿನಲ್ಲಿ ಕೊಡಬಾರದೇ? ಮೇವಿನ ಹೊರೆ ಇಳಿಸದೆಯೇ ಚಿಕ್ಕಬೈರಪ್ಪ ಬೇಲಿಯ ಮರೆಗೆ ಸರಿದ. ಮಗ ಪಂದ್ಯ ಮಾರುತ್ತಿದ್ದಾನೆ. ಅದೂ ಅಪ್ಪನ ವಿದ್ಯೆಯಲ್ಲೇ.

ಮುಂದಿನ ಪಂದ್ಯ ಭಾನುವಾರ. ಚಿಕ್ಕಬೈರಪ್ಪ ಮನೆಯಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿದ. ಊರಿನ ಆಚೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಸಲೆಂದು ಮಾಡಿ ಬಿಟ್ಟಿದ್ದ ಮೈದಾನವದು. ಹುಲ್ಲಿನ ಹೊರೆಗಳನ್ನು ಪೇರಿಸಿ ಅಡ್ಡ ಕಟ್ಟಿದ್ದರು. ಅಷ್ಟು ಒಳ್ಳೆಯ ಹುಲ್ಲನ್ನು ದನಕ್ಕೆ ಹಾಕದೆ ಕಾರಿಗೆ ಗೋಡೆ ಮಾಡಿದ್ದು ನೋಡಿ ಅವನ ಅನುಮಾನ ಇನ್ನೊಂದು ಮೊಳ ಬೆಳೆಯಿತು. ಬಣ್ಣದ ಛತ್ರಿಗಳ ಕೆಳಗೆ ದೊಡ್ಡ ಮನೆಯವರು ಕೂತು ಇಂಗ್ಲಿಷಿನಲ್ಲಿ ನಗುತ್ತಿದ್ದರು. ಕಾರು ಅವರವೇ, ಓಡಿಸುವವರೂ ಅವರೇ, ಶೋಕಿಗೆ ಬಂದವರು.

ಅವರ ನಡುವೆ ಆ ಫಿಯಟ್. ಒಳಗಿನ ಸೀಟುಗಳನ್ನೆಲ್ಲ ಕಿತ್ತು, ಕರುಳು ತೆಗೆದ ಕುರಿಯ ಹಾಗೆ ಮಾಡಿದ್ದರು. ತಿಮ್ಮರಾಯ ಚಕ್ರದ ಪಕ್ಕ ಕೂತು ಏನೋ ಬಿಗಿಯುತ್ತಿದ್ದ. ಗುರುಶಾಂತಪ್ಪ ಸ್ವಲ್ಪ ದೂರದಲ್ಲಿ ನೆರಳಿಗೆ ನಿಂತಿದ್ದ.

ಚಿಕ್ಕಬೈರಪ್ಪ ನೇರವಾಗಿ ಗುರುಶಾಂತಪ್ಪನ ಹತ್ತಿರ ಹೋಗಿ, ಕೇಳದೆಯೇ ಅವನ ಕೈ ಹಿಡಿದು ಮೇಲೆ ಟವಲು ಹೊದಿಸಿದ.

“ಯಾರು ಗೌಡ್ರು? ಎತ್ತು ಗಿತ್ತು ಏನಿಲ್ವಲ್ಲ ಇಲ್ಲಿ?” ಗುರುಶಾಂತಪ್ಪ ಗಾಬರಿಯಾದ.

“ಆ ಕಾರ್ ಹತ್ರ ಒಂದು ಹೋರಿ ಅವ್ನೆ. ಏನು ಬೆಲೆ ಕಟ್ಟಿದೀರಿ? ತೋರ್ಸಿ.”

ಅಭ್ಯಾಸ ಬಿಡುತ್ತದೆಯೇ? ಗುರುಶಾಂತಪ್ಪನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮಾತಾಡಿದವು. ಚಿಕ್ಕಬೈರಪ್ಪ ಆ ಬೆಲೆ ಓದಿದ. ಅದು ಪಂದ್ಯ ಮಾರಿಕೊಂಡವನ ಬೆಲೆಯಾಗಿರಲಿಲ್ಲ. ಗಾರೆ ಕೆಲಸದ ಮೇಸ್ತ್ರಿಗೆ ಸಿಗುವಂಥ ಬೆಲೆ. ಆದರೂ ಅನುಮಾನ ಇಳಿಯಲಿಲ್ಲ. ಬೆರಳಿನ ಭಾಷೆಯಲ್ಲಿ ಲೆಕ್ಕವಿದೆ, ಸೋಲು ಗೆಲುವಿಗೆ ಮಾತಿಲ್ಲ. ಬಾಯಲ್ಲೇ ಕೇಳಬೇಕಾಯಿತು.

“ಇದು ಗೆಲ್ಲೋಕೋ, ಸೋಲೋಕೋ?”

“ಶಿವಶಿವಾ! ಸೋಲೋಕೆ ಯಾರಾದ್ರೂ ಕಾಸು ಕೊಡ್ತಾರಾ? ಮೆಲ್ಲಗೆ ಮಾತಾಡಿ ಸ್ವಾಮಿ. ಇಲ್ಲಿ ಕೂಲಿಗೆ ಓಡ್ಸೋನು ಅಂದ್ರೆ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಲ್ಲ. ಗೆದ್ರೂ ಬೆಳ್ಳಿ ಕಪ್ಪು ಕೊಡಲ್ಲ. ಅದಕ್ಕೇ ನಮ್ಮ ಅಕ್ಕನ ಮಗ ಅಂತ ಹೇಳಿ ಸೇರಿಸಿದೀನಿ. ಯಾರಿಗೂ ಬಾಯಿ ಬಿಡಬೇಡ ಅಂತ ಹುಡುಗನ ಕೈಲಿ ಆಣೆ ಹಾಕಿಸ್ಕೊಂಡಿದೀನಿ.”

ತಿಮ್ಮರಾಯ ಅಷ್ಟರಲ್ಲಿ ಎದ್ದು ಬಂದಿದ್ದ.

“ಹೋದ ಸಲ ಕೊನೇಲಿ ಯಾಕ್ಲಾ ನಿಧಾನ ಮಾಡ್ದೆ?”

“ಟೈರು ಸವೆದು ಕಾರು ಅದುರ್ತಿತ್ತು ಅಪ್ಪಾ, ಆಮೇಲೆ ಇಳಿದು ನೋಡಿದ್ರೆ ಒಳಗಿನ ದಾರಾನೇ ಕಾಣ್ತಿತ್ತು. ಇನ್ನು ಒತ್ತಿದ್ರೆ ಸಿಡೀತಿತ್ತು. ಅವ್ವನ್ನ ನೆನೆಸ್ಕೊಂಡು ಕಾಲು ತೆಗೆದೆ.”

“ಮಿಕ್ಕ ದಿನ ಏನ್ ತಿಂತೀಯ?”

“ಹೊಸ ಇಂಜಿನ್ ಕೂಡಿಸಿದ ಮೇಲೆ ಒಂದಷ್ಟು ದಿನ ಹದವಾಗಿ ಓಡಿಸ್ಬೇಕು. ಮೊದಲೇ ಜೋರು ಮಾಡಿದ್ರೆ ಕೆಟ್ಟು ಹೋಯ್ತದೆ. ರೇಸಲ್ಲಿ ಹೆಸರು ಬಂದಮೇಲೆ ಎಲ್ಲಾ ಗ್ಯಾರೇಜಿನೋರೂ ಅದಕ್ಕೆ ನನ್ನನ್ನೇ ಕರೀತಾರೆ. ದಿನಾ ಬೆಳಿಗ್ಗೆ ಕನಕಪುರ ರಸ್ತೇಲಿ ಅದೇ ಕೆಲಸ.”

“ಹೋರಿ ಪಳಗಿಸ್ದಂಗೆ,” ಅಂದ ಚಿಕ್ಕಬೈರಪ್ಪ.

“ಹಂಗೇ.”

ಮಾತು ಮಾತೇ. ಮಾತನ್ನು ನಂಬಿ ಅವನು ಎಂದೂ ವ್ಯಾಪಾರ ಮಾಡಿದವನಲ್ಲ. ಮಗನ ಎರಡೂ ಕೈ ಹಿಡಿದು ಮೇಲ್ಮುಖ ಮಾಡಿದ. ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡುಗಟ್ಟಿತ್ತು. ಮಣಿಕಟ್ಟಿನ ಹತ್ತಿರ ಇಂಜಿನ್ ಸುಟ್ಟ ಹಳೆಯ ಕಲೆಗಳು. ಹೆಬ್ಬೆರಳಿನಿಂದ ಆ ಜಡ್ಡನ್ನು ಒತ್ತಿ ನೋಡಿದ. ಗಟ್ಟಿಯಾಗಿತ್ತು. ಮಲಗಿ ಮೇದ ಎತ್ತಿನ ಹೆಗಲು ನಯವಾಗಿರುತ್ತದೆ. ದುಡಿದ ಎತ್ತಿನದು ಹೀಗಿರುತ್ತದೆ. ಇಷ್ಟು ದಿನ ಮಗನ ಬಾಯನ್ನೇ ಬಿಡಿಸಲು ಹೆಣಗಿ, ಹೆಗಲು ನೋಡುವುದನ್ನು ಹೇಗೆ ಮರೆತೆ ಎಂದು ಅವನಿಗೇ ಅಚ್ಚರಿಯಾಯಿತು.

ಟವಲು ಇನ್ನೂ ಗುರುಶಾಂತಪ್ಪನ ಕೈಮೇಲೆಯೇ ಇತ್ತು; ಅವನು ಚಿಕ್ಕಬೈರಪ್ಪನ ಕೈಯನ್ನು ಮತ್ತೆ ಅದರ ಕೆಳಗೆ ಎಳೆದುಕೊಂಡ. “ಹೋಗ್ಲಿ ಗೌಡ್ರೇ, ನೀವು ಬಂದಿದ್ದಕ್ಕೆ ಇಷ್ಟು ಸೇರಿಸ್ತೀನಿ,” ಎಂದು ಇನ್ನೊಂದು ಬೆರಳು ಮುಟ್ಟಿಸಲು ಹೋದ.

ಚಿಕ್ಕಬೈರಪ್ಪ ಟವಲನ್ನು ಸರಕ್ಕನೆ ಎಳೆದು ಹೆಗಲಿಗೆ ಹಾಕಿಕೊಂಡ. ಒಂದು ವ್ಯಾಪಾರದ ನಡುವೆ ಟವಲು ತೆಗೆದದ್ದು ಅವನ ಜನ್ಮದಲ್ಲೇ ಮೊದಲು. ಬರಿಗೈ ಎರಡೂ ಬೆಳಕಿಗೆ ಬಿದ್ದವು.

“ದನದ ಬೆಲೆ ಮುಚ್ಚಿ ಕಟ್ತೀವಿ ಸ್ವಾಮಿ, ಪಕ್ಕದೋನಿಗೆ ಗೊತ್ತಾಗಬಾರದು ಅಂತ. ಮನುಷ್ಯನ ಕೂಲೀನ ಯಾಕೆ ಮುಚ್ಬೇಕು? ನನ್ನ ಮಗ ಕೂಲಿಗೆ ಓಡಿಸ್ತಾನೆ. ಎಷ್ಟು ಕೊಡ್ತೀರಿ, ಬಾಯಲ್ಲಿ ಹೇಳಿ!”

ಸಂತೆಯಲ್ಲಿ ಕೂಗಿ ಪಳಗಿದ ಗಂಟಲು. ಛತ್ರಿಯ ಕೆಳಗಿನ ನಗು ನಿಂತಿತು. ಪಂದ್ಯ ನಡೆಸುವ ಯಜಮಾನರೊಬ್ಬರು, ತಲೆಗೆ ಹ್ಯಾಟು ಹಾಕಿದ್ದವರು, ಎದ್ದು ಬಂದರು.

“ಏನ್ರೀ ಗುರುಶಾಂತಪ್ಪ, ಈ ಹುಡುಗ ನಿಮ್ಮ ಅಕ್ಕನ ಮಗ ಅಂದಿದ್ರಲ್ಲ?”

“ನಾನು ಇವನ ಅಪ್ಪ,” ಅಂದ ಚಿಕ್ಕಬೈರಪ್ಪ. “ಇವರ ಅಕ್ಕ ನನ್ನ ಹೆಂಡ್ರು ಅಂತ ನಂಗೆ ಇವತ್ತೇ ಗೊತ್ತಾಗಿದ್ದು.”

ಯಾರೋ ಕಿಸಕ್ಕನೆ ನಕ್ಕರು. ಹ್ಯಾಟಿನವರು ನಗಲಿಲ್ಲ. “ಕೂಲಿ ತಗೊಂಡು ಓಡಿಸೋನು ಓಡಿಸಬಹುದು. ಆದ್ರೆ ಗೆದ್ರೂ ಕಪ್ಪು ಸಿಗಲ್ಲ. ಅದು ನಮ್ಮ ನಿಯಮ,” ಅಂದು ಹೋದರು.

ತಿಮ್ಮರಾಯ ಅಪ್ಪನ ಕಡೆ ಒಮ್ಮೆ ನೋಡಿದ. ಆ ನೋಟದಲ್ಲಿ ಸಿಟ್ಟಿತ್ತೋ ನೆಮ್ಮದಿಯಿತ್ತೋ ಚಿಕ್ಕಬೈರಪ್ಪನಿಗೆ ತಿಳಿಯಲಿಲ್ಲ. ಹುಡುಗ ಶಿರಸ್ತ್ರಾಣ ಬಿಗಿದು ಕಾರಿನೊಳಗೆ ಕೂತ. ಅಪ್ಪ ಬಗ್ಗಿ, ನಾಲ್ಕು ಟೈರುಗಳನ್ನೂ ಗೊರಸು ಸವರುವ ಹಾಗೆ ಸವರಿ ನೋಡಿ, “ಹೋಗು. ದಾರ ಕಾಣ್ತಿಲ್ಲ” ಅಂದ.

ಬಾವುಟ ಬೀಳುತ್ತಲೇ ಎದ್ದ ಸದ್ದಿಗೆ ಚಿಕ್ಕಬೈರಪ್ಪ ಕಣ್ಣು ಮುಚ್ಚಿ ಗೋವಿಂದ ಗೋವಿಂದ ಅಂದ. ತೆರೆದಾಗ ಫಿಯಟ್ ಹುಲ್ಲಿನ ಗೋಡೆಯ ಮಗ್ಗುಲಲ್ಲೇ, ಒಂದು ಎಳೆಯೂ ಕದಲದ ಹಾಗೆ ತಿರುಗುತ್ತಿತ್ತು. ಪ್ರತಿ ಸುತ್ತಿನಲ್ಲೂ ಅವನು ಕಣ್ಣು ಕಿರಿದು ಮಾಡಿ, ಕಾಲು ತೆಗೆದನೋ ಎಂದು ನೋಡುತ್ತಲೇ ಇದ್ದ. ಅನುಮಾನ ಅಷ್ಟು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ. ಕೊನೆಯ ಸುತ್ತಿನಲ್ಲೂ ಮಗ ಕಾಲು ತೆಗೆಯಲಿಲ್ಲ. ಮೊದಲು ಬಂದ.

ಕಪ್ಪನ್ನು ಎರಡನೆಯವನಿಗೆ ಕೊಟ್ಟರು. ಚಪ್ಪಾಳೆ ಆಯಿತು. ತಿಮ್ಮರಾಯ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತ ಅದನ್ನೇ ನೋಡುತ್ತ ನಿಂತಿದ್ದ. ಚಿಕ್ಕಬೈರಪ್ಪ ಮಗನ ಪಕ್ಕಕ್ಕೆ ಹೋಗಿ ನಿಂತ. ತಾನು ಬಾಯಿ ತೆರೆಯದಿದ್ದರೆ ಆ ಬೆಳ್ಳಿಯ ಬಟ್ಟಲು ಮಗನ ಕೈಯಲ್ಲಿರುತ್ತಿತ್ತು.

“ಬೇಜಾರಾ?”

“ಕಪ್ಪಲ್ಲಿ ಹಿಟ್ಟು ಬೇಯಲ್ಲ ಬಿಡು,” ಅಂದ ಮಗ. ಆದರೂ ಕಣ್ಣು ಆ ಕಡೆಯಿಂದ ಸರಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಜನ ಕರಗುವ ಹೊತ್ತಿಗೆ ಕಾಫಿ ತೋಟದ ಸಾಹುಕಾರರೊಬ್ಬರು ಹತ್ತಿರ ಬಂದು, “ನಮ್ಮ ಕಾರಿಗೆ ಬರ್ತೀಯೇನಪ್ಪ? ಸಂಬಳ ಹೇಳು, ತಿಂಗಳ ತಿಂಗಳ ಕೊಡೋಣ” ಅಂದರು. ಅದು ಕಿವಿಗೆ ಬಿದ್ದದ್ದೇ ತಡ, ಅಷ್ಟು ಹೊತ್ತು ಮುಖ ಊದಿಸಿಕೊಂಡಿದ್ದ ಗುರುಶಾಂತಪ್ಪ ಟವಲು ಹಿಡಿದು ಓಡಿ ಬಂದ.

“ಗೌಡ್ರೇ, ಕೈ ಕೊಡಿ, ಕೈ ಕೊಡಿ!”

“ಟವಲು ಮಡಚಿಡಿ ಸ್ವಾಮಿ,” ಅಂದ ಚಿಕ್ಕಬೈರಪ್ಪ. “ಇಬ್ರೂ ಬಾಯಲ್ಲೇ ಹೇಳಿ. ಹುಡುಗನೂ ಕೇಳಿಸ್ಕೊಳ್ಳಲಿ.”

ತಿಮ್ಮರಾಯ ಇಬ್ಬರ ಮಾತನ್ನೂ ಕೇಳಿದ. ಎರಡು ಮಾತಾದ ಮೇಲೆ ಗುರುಶಾಂತಪ್ಪನೂ ತಿಂಗಳ ಸಂಬಳ ಕೊಡಲು ಒಪ್ಪಿದ. ಮೊದಲು ನಂಬಿ ಕಾರು ಕೊಟ್ಟವನನ್ನು ಬಿಡಬಾರದೆಂದು ಹುಡುಗ ಅವನನ್ನೇ ಒಪ್ಪಿಕೊಂಡ.

ಮುಂದಿನ ಶನಿವಾರ ತಿಮ್ಮರಾಯ ಸ್ನಾನ ಮಾಡಿ, ನಾಮ ಇಟ್ಟುಕೊಂಡು ಗೂಡಿನ ಮುಂದೆ ಬಂದ. ಕೈಯಲ್ಲಿ ಎರಡು ನಾಣ್ಯ.

“ಒಂದು ಹಳೇದು. ಇನ್ನೊಂದು ಯಾವುದ್ಲಾ?”

“ನಿನ್ನ ದಲ್ಲಾಳಿ ಕಾಸು. ವ್ಯಾಪಾರ ಕುದುರಿಸಿಕೊಟ್ಟೆಯಲ್ಲ.”

ಒಳಗಿನಿಂದ ಅಂಜನಮ್ಮ, “ಇಸ್ಕೊಳಿ, ಇಸ್ಕೊಳಿ. ಕಲ್ಲಿನ ಮೇಲೆ ಬಡ್ದು ನಾದ ಕೇಳಿ, ಖೋಟಾ ಇದ್ದಾತು” ಎಂದು ಕೂಗಿದಳು.

ಚಿಕ್ಕಬೈರಪ್ಪ ಆ ದಿನ ತಲೆ ಬೋಳಿಸಿಕೊಂಡಿರಲಿಲ್ಲ. ಹರಕೆಯ ಮುಡಿಯನ್ನು ತಿರುಪತಿ ಬೆಟ್ಟದಲ್ಲೇ ಕೊಡಬೇಕು. ಗೂಡಿನಿಂದ ಮುಡಿಪು ತೆಗೆದು ಮಗನ ಜಡ್ಡುಗಟ್ಟಿದ ಅಂಗೈಯಲ್ಲಿಟ್ಟು, “ನೀನೇ ಬಿಚ್ಚು, ನೀನೇ ಹಾಕು, ನೀನೇ ಕಟ್ಟು” ಅಂದ. ನಾಣ್ಯಗಳು ಒಳಗಿನ ನಾಣ್ಯಗಳ ಮೇಲೆ ಬಿದ್ದು ಸದ್ದಾಯಿತು. ತಿಮ್ಮರಾಯ ಗಂಟು ಹಾಕಿ, ಕಣ್ಣಿಗೊತ್ತಿಕೊಂಡು, ಗೂಡಿನಲ್ಲಿಟ್ಟು ಅಡ್ಡಬಿದ್ದ.

ಅವನು ಕೆಲಸಕ್ಕೆ ಹೋದ ಮೇಲೆ ಚಿಕ್ಕಬೈರಪ್ಪ ಆಚೀಚೆ ನೋಡಿ, ಮುಡಿಪನ್ನು ಮತ್ತೆ ಕೈಗೆ ತೆಗೆದುಕೊಂಡು, ಗಂಟು ಸಡಿಲವಿರಬಹುದೆಂದು ಇನ್ನೊಂದು ಸಲ ಎಳೆದು ನೋಡಿದ. ಬಿಗಿಯಾಗಿಯೇ ಇತ್ತು.